ಮಗು ಯಾವ ಮಾತ್ರೆ ನುಂಗಿತು, ಯಾರ ಬಳಿ ಹೋಯಿತು: ಮಕ್ಕಳ ಮನೋಆರೋಗ್ಯ ಅಧ್ಯಯನದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಕೋಲಾರ, ಚಿಕ್ಕಬಳ್ಳಾಪುರ ಕಡೆಯ ಮನೆಗಳಿಗೆ ಹೋಗಿ, ಅಧ್ಯಯನಕ್ಕೆ ಸೇರಿದ ಮಕ್ಕಳ ಚಿಕಿತ್ಸೆಯ ವಿವರ ಬರೆದುಕೊಳ್ಳುವುದು ನನ್ನ ಕೆಲಸ. ಈ ಪ್ರಶ್ನೆಗಳನ್ನು ತಾಯಂದಿರು, ಅಜ್ಜಿಯರು, ಮೇಷ್ಟ್ರುಗಳು ಜಗಲಿಯ ಮೇಲೆ, ಆಸ್ಪತ್ರೆಯ ಸಾಲಿನಲ್ಲಿ ಅಥವಾ ರಾತ್ರಿ ಫೋನಿನಲ್ಲಿ ಕೇಳಿದ್ದಾರೆ. ಕೊನೆಯ ಕಡೆಯ ಒಂದು ಪ್ರಶ್ನೆ ಮಾತ್ರ ಈ ಕೆಲಸಕ್ಕೆ ಹೊಸದಾಗಿ ಸೇರಿದವರದ್ದು. ನಿಮ್ಮ ಮಗುವಿಗೆ ಯಾವ ಔಷಧ, ಎಷ್ಟು ಎಂಬುದನ್ನು ನಿಮ್ಮ ವೈದ್ಯರೇ ಹೇಳಬೇಕು. ಇಲ್ಲಿರುವುದು ಲೆಕ್ಕ ಇಡುವ ವಿಷಯ ಅಷ್ಟೇ.

ನಮ್ಮ ಮಗುವಿನ ಮಾತ್ರೆಯ ಲೆಕ್ಕ ನಿಮಗೇಕೆ? ನೀವು ಕೊಡುವ ಚಿಕಿತ್ಸೆಯ ಫಲ ನೋಡಿಕೊಂಡರೆ ಸಾಲದೇ?

ಸಾಲದು. ಅಧ್ಯಯನಕ್ಕೆ ಸೇರಿದ ಮಗು ಅಲ್ಲಿ ಕೊಡುವ ಚಿಕಿತ್ಸೆಯ ಜೊತೆಗೆ ಬೇರೆ ಕಡೆಯೂ ಹೋಗುತ್ತದೆ, ಬೇರೆ ಔಷಧವನ್ನೂ ತೆಗೆದುಕೊಳ್ಳುತ್ತದೆ. ಅದು ಗೊತ್ತಿಲ್ಲದಿದ್ದರೆ ಮಗು ಸುಧಾರಿಸಿದ್ದು ಯಾವುದರಿಂದ ಎಂದು ಯಾರೂ ಹೇಳಲಾರರು.

ಇದಕ್ಕೆ ದೊಡ್ಡ ಉದಾಹರಣೆ ಅಮೆರಿಕ ಮತ್ತು ಕೆನಡಾದಲ್ಲಿ ನಡೆದ ಎಂಟಿಎ ಅಧ್ಯಯನ. ಫಲಿತಾಂಶ ಬಂದದ್ದು 1999ರಲ್ಲಿ. ಎಡಿಎಚ್‌ಡಿ, ಅಂದರೆ ಗಮನ ನಿಲ್ಲದ ಮತ್ತು ಅತಿಚಟುವಟಿಕೆಯ ತೊಂದರೆ ಇರುವ 579 ಮಕ್ಕಳನ್ನು ನಾಲ್ಕು ಗುಂಪು ಮಾಡಿದರು. ಒಂದು ಗುಂಪಿಗೆ ನಿಗಾ ಇಟ್ಟು ಔಷಧ, ಇನ್ನೊಂದಕ್ಕೆ ವರ್ತನೆಯ ತರಬೇತಿ, ಮೂರನೆಯದಕ್ಕೆ ಎರಡೂ. ನಾಲ್ಕನೆಯ ಗುಂಪಿನವರು ತಮ್ಮ ಊರಿನಲ್ಲೇ ಸಿಗುವ ಚಿಕಿತ್ಸೆ ಪಡೆಯಲಿ ಎಂದು ಬಿಟ್ಟರು. ಈ ನಾಲ್ಕನೆಯ ಗುಂಪಿನ ಮೂರರಲ್ಲಿ ಎರಡು ಪಾಲು ಮಕ್ಕಳೂ ಊರಿನ ವೈದ್ಯರಿಂದ ಔಷಧ ಪಡೆದಿದ್ದರು. ಆದರೂ 14 ತಿಂಗಳ ಕೊನೆಗೆ ನಿಗಾ ಇಟ್ಟು ಔಷಧ ಕೊಟ್ಟ ಗುಂಪೇ ಮುಂದಿತ್ತು. ಇಬ್ಬರೂ ಮಾತ್ರೆ ತೆಗೆದುಕೊಂಡಿದ್ದರೆ ವ್ಯತ್ಯಾಸ ಎಲ್ಲಿಂದ ಬಂತು? ಊರಿನ ಚಿಕಿತ್ಸೆಯ ಡೋಸ್ ಕಡಿಮೆ ಇತ್ತು, ವೈದ್ಯರ ಭೇಟಿಯೂ ಅಪರೂಪವಾಗಿತ್ತು. ಯಾವ ಮಗು ಹೊರಗೆ ಏನು ತೆಗೆದುಕೊಂಡಿತು, ಎಷ್ಟು ಸಲ ವೈದ್ಯರನ್ನು ಕಂಡಿತು ಎಂದು ಕೂತು ಬರೆದುಕೊಂಡಿದ್ದರಿಂದಲೇ ಇದು ತಿಳಿಯಿತು. ಬರೆದಿರದಿದ್ದರೆ ಆ ನಾಲ್ಕನೆಯ ಗುಂಪನ್ನು 'ಔಷಧ ಇಲ್ಲದವರು' ಎಂದು ತಪ್ಪಾಗಿ ಓದುವ ಅಪಾಯವಿತ್ತು.

ಮೂರು ವರ್ಷ ಕಳೆಯುವ ಹೊತ್ತಿಗೆ ಗುಂಪುಗಳ ನಡುವಿನ ಆ ಅಂತರ ಉಳಿದಿರಲಿಲ್ಲ. ಅಷ್ಟರಲ್ಲಿ ಎಲ್ಲರೂ ತಮ್ಮಿಷ್ಟದ ಚಿಕಿತ್ಸೆಗೆ ಹೋಗಿದ್ದರು, ಕೆಲವರು ಮಾತ್ರೆ ಬಿಟ್ಟಿದ್ದರು, ಕೆಲವರು ಹೊಸದಾಗಿ ಶುರು ಮಾಡಿದ್ದರು. ಲೆಕ್ಕವನ್ನು ಒಂದು ಸಲ ಬರೆದರೆ ಮುಗಿಯದು, ಉದ್ದಕ್ಕೂ ಬರೆಯಬೇಕು ಎಂದು ನಾವು ಹೇಳುವುದು ಇದಕ್ಕೇ.

ಡಾಕ್ಟರ ಚೀಟಿ ಇದೆಯಲ್ಲ, ಅದನ್ನೇ ನೋಡಿ ಬರೆದುಕೊಳ್ಳಬಾರದೇ?

ಚೀಟಿ ನೋಡುತ್ತೇವೆ. ಆದರೆ ವೈದ್ಯರು ಬರೆದದ್ದು ಒಂದು, ಅಂಗಡಿಯಲ್ಲಿ ಕೊಂಡದ್ದು ಇನ್ನೊಂದು, ಮಗು ನುಂಗಿದ್ದು ಮತ್ತೊಂದು. ಈ ಮೂರನ್ನೂ ಬೇರೆ ಬೇರೆಯಾಗಿ ಕೇಳಲೇಬೇಕು.

ಮುಳಬಾಗಿಲು ಕಡೆಯ ಒಂದು ಮನೆಯಲ್ಲಿ ಅಜ್ಜಿ ಬಿಸ್ಕತ್ ಡಬ್ಬ ತಂದು ಚಾಪೆಯ ಮೇಲೆ ಸುರಿದರು. ಎಲ್ಲ ಕತ್ತರಿಸಿದ ತುಂಡುಗಳು: ಒಂದರಲ್ಲಿ ಎರಡು ಮಾತ್ರೆ, ಇನ್ನೊಂದರಲ್ಲಿ ನಾಲ್ಕು. ಉಗುರಿನಲ್ಲಿ ಮುರಿದ ಅರ್ಧ ಮಾತ್ರೆಗಳನ್ನು ಕಾಗದದಲ್ಲಿ ಸುತ್ತಿಟ್ಟಿದ್ದರು. ಒಂದು ತುಂಡಿನ ಹಿಂದೆ ಹೆಸರಿನ ಕೊನೆಯ ಎರಡಕ್ಷರ ಬಿಟ್ಟರೆ ಏನೂ ಇರಲಿಲ್ಲ. ಚೀಟಿಯಲ್ಲಿ ಬೆಳಿಗ್ಗೆ ಒಂದು, ರಾತ್ರಿ ಒಂದು ಎಂದಿತ್ತು. ಬೆಳಿಗ್ಗೆ ಕೊಟ್ಟರೆ ಹುಡುಗ ಶಾಲೆಯಲ್ಲಿ ತೂಕಡಿಸುತ್ತಾನೆಂದು ಅಜ್ಜಿ ರಾತ್ರಿಯದನ್ನು ಮಾತ್ರ ಕೊಡುತ್ತಿದ್ದರು. ಅವರು ಮಾಡಿದ್ದಕ್ಕೆ ಕಾರಣವಿತ್ತು, ಆ ಕಾರಣ ವೈದ್ಯರಿಗೆ ತಲುಪಬೇಕಾಗಿತ್ತು. ಚೀಟಿಯನ್ನು ಮಾತ್ರ ನಕಲು ಮಾಡಿಕೊಂಡು ಬಂದಿದ್ದರೆ ಹುಡುಗ ನುಂಗದೇ ಇದ್ದ ಡೋಸನ್ನು ನುಂಗಿದ್ದಾನೆ ಎಂದೇ ದಾಖಲಾಗುತ್ತಿತ್ತು.

ಶೀಟು ಕತ್ತರಿಸಿ ಕೊಡುತ್ತಾರೆ, ಹೆಸರೇ ಇರುವುದಿಲ್ಲ. ಏನು ಮಾಡುವುದು?

ಕತ್ತರಿಸುವ ಮೊದಲು ಇಡೀ ಶೀಟಿನ ಫೋಟೋ ತೆಗೆದುಕೊಳ್ಳಿ, ಮುಂದಿನದು, ಹಿಂದಿನದು ಎರಡೂ. ಕೇಳಿದರೆ ಅಂಗಡಿಯವರು ಬೇಡವೆನ್ನುವುದಿಲ್ಲ. ಬಿಲ್ಲು ಕೇಳಿ ಪಡೆಯಿರಿ. ಹೆಸರು ಮತ್ತು ಎಕ್ಸ್‌ಪೈರಿ ತಾರೀಖು ಇರುವ ತುದಿಯನ್ನು ಕೊನೆಯವರೆಗೂ ಎಸೆಯಬೇಡಿ.

ಹೆಸರಿನಲ್ಲಿ ಇನ್ನೊಂದು ತೊಡಕಿದೆ. ಒಂದೇ ಔಷಧವನ್ನು ಹತ್ತಾರು ಕಂಪನಿಗಳು ಹತ್ತಾರು ಹೆಸರಿನಲ್ಲಿ ಮಾರುತ್ತವೆ. ಜನೌಷಧಿ ಕೇಂದ್ರದಲ್ಲಿ ಕೊಂಡರೆ ಮೂಲ ಔಷಧದ ಹೆಸರಿನಲ್ಲೇ ಸಿಗುತ್ತದೆ. ಬೆಂಗಳೂರಿನಲ್ಲಿ ಕೊಂಡ ಶೀಟು ಒಂದು ಬಣ್ಣ, ಬಂಗಾರಪೇಟೆಯಲ್ಲಿ ಕೊಂಡದ್ದು ಇನ್ನೊಂದು ಬಣ್ಣ ಎಂದು ಎರಡನ್ನೂ ಒಟ್ಟಿಗೆ ಕೊಟ್ಟರೆ ಮಗುವಿಗೆ ಎರಡು ಪಟ್ಟು ಡೋಸ್ ಹೋಗುತ್ತದೆ. ಆದ್ದರಿಂದ ನಾವು ಬ್ರ್ಯಾಂಡ್ ಹೆಸರಿನ ಕೆಳಗೆ ಸಣ್ಣಕ್ಷರದಲ್ಲಿರುವ ಮೂಲ ಔಷಧದ ಹೆಸರನ್ನೂ ಮಿ.ಗ್ರಾಂ ಎಷ್ಟೆಂಬುದನ್ನೂ ಬರೆದುಕೊಳ್ಳುತ್ತೇವೆ: ರಿಸ್ಪೆರಿಡೋನ್, ಫ್ಲೂಯೊಕ್ಸೆಟಿನ್, ಅಟೊಮೊಕ್ಸೆಟಿನ್ ಹೀಗೆ. 'ನರದ ಮಾತ್ರೆ', 'ನಿದ್ದೆ ಮಾತ್ರೆ' ಎಂದು ಹೇಳಿದರೆ ತಪ್ಪಿಲ್ಲ, ಆದರೆ ಶೀಟು ತೋರಿಸಿ.

ಸಿರಪ್ ಆದರೆ?

'ಐದು ಎಂಎಲ್ ಕೊಡುತ್ತೇವೆ' ಎಂಬುದು ಅರ್ಧ ಉತ್ತರ. ಸೋಡಿಯಂ ವಾಲ್ಪ್ರೊಯೇಟ್ ಸಿರಪ್ ಸಾಮಾನ್ಯವಾಗಿ 5 ಮಿ.ಲೀ.ಗೆ 200 ಮಿ.ಗ್ರಾಂ ಇರುತ್ತದೆ. ರಿಸ್ಪೆರಿಡೋನ್ ದ್ರವ 1 ಮಿ.ಲೀ.ಗೆ 1 ಮಿ.ಗ್ರಾಂ. ಅಳತೆ ಒಂದೇ ಆದರೂ ಒಳಗಿರುವುದು ಬೇರೆ. ಬಾಟಲಿಯ ಮೇಲಿನ ಚೀಟಿ ಬೇಕು, ಅಳೆಯುವ ಮುಚ್ಚಳವೋ ಪಿಚಕಾರಿಯೋ ಅದೂ ಬೇಕು. ಅಡುಗೆಮನೆಯ ಚಮಚದಲ್ಲಿ ಅಳೆಯುತ್ತಿದ್ದರೆ ಆ ಚಮಚವನ್ನೇ ತೋರಿಸಿ, ನಾವು ನೀರು ಹಾಕಿ ಅಳೆದು ನೋಡುತ್ತೇವೆ.

ಡೋಸ್ ತಪ್ಪಿಸಿದ್ದೇವೆ ಎಂದರೆ ಬೈಯುತ್ತೀರಾ? ಅಧ್ಯಯನದಿಂದ ತೆಗೆದುಹಾಕುತ್ತೀರಾ?

ಬೈಯುವುದಿಲ್ಲ. ಡೋಸ್ ತಪ್ಪಿತೆಂದು ನೀವು ಹೇಳಿದರೆ ನನಗೆ ಸಮಾಧಾನವೇ ಆಗುತ್ತದೆ, ಯಾಕೆಂದರೆ ಆಗ ಮಾತ್ರೆ ಕೊಟ್ಟದ್ದನ್ನು ನೀವು ಬರೆದಿಡುವ ಪುಸ್ತಕದ ಉಳಿದ ಸಾಲುಗಳನ್ನೂ ನಂಬಬಹುದು. ಎಲ್ಲ ದಿನಕ್ಕೂ ಒಂದೇ ಪೆನ್ನಿನಲ್ಲಿ, ಒಂದೇ ಸಲ ಕೂತು ಟಿಕ್ ಹಾಕಿದ ಹಾಳೆ ನೋಡಿದರೆ ಗೊತ್ತಾಗಿಬಿಡುತ್ತದೆ. ಅಂಥ ಹಾಳೆ ಸಂಶೋಧನೆಗೂ ಉಪಯೋಗವಿಲ್ಲ, ಮಗುವಿಗೂ ಅಪಾಯ. ಔಷಧ ಕೆಲಸ ಮಾಡುತ್ತಿಲ್ಲ ಎಂದುಕೊಂಡು ವೈದ್ಯರು ಡೋಸ್ ಹೆಚ್ಚಿಸಬಹುದು, ನಿಜಕ್ಕೂ ಮಗು ಅದನ್ನು ನುಂಗೇ ಇರಲಿಲ್ಲ.

ತಪ್ಪಿದ್ದಕ್ಕೆ ಕಾರಣವನ್ನೂ ಒಂದು ಮಾತಿನಲ್ಲಿ ಬರೆಯಿರಿ. ಶಿಡ್ಲಘಟ್ಟ ಕಡೆ ರೇಷ್ಮೆ ಹುಳು ನಾಲ್ಕನೇ ಜ್ವರ (ಪೊರೆ ಕಳಚುವ ಹಂತ) ಎದ್ದು ಮೇಯುವ ದಿನಗಳಲ್ಲಿ ಮನೆಯಲ್ಲಿ ಯಾರಿಗೂ ಪುರುಸೊತ್ತಿರುವುದಿಲ್ಲ, ಟೊಮೆಟೊ ಬಿಡಿಸುವ ಕಾಲದಲ್ಲಿ ತಾಯಿ ಬೆಳಗಿನ ಜಾವಕ್ಕೇ ತೋಟಕ್ಕೆ ಹೋಗಿರುತ್ತಾರೆ. ಕಾರಣ ಗೊತ್ತಿದ್ದರೆ ಹೊತ್ತು ಬದಲಿಸಿಕೊಡಬಹುದೇ ಎಂದು ವೈದ್ಯರನ್ನು ಕೇಳಬಹುದು.

ಭಾನುವಾರ ಮತ್ತು ಬೇಸಿಗೆ ರಜೆಯಲ್ಲಿ ಮಾತ್ರೆ ಕೊಡುವುದಿಲ್ಲ. ಇದು ತಪ್ಪೇ?

ಔಷಧ ಯಾವುದೆಂಬುದರ ಮೇಲಿದೆ. ಎಡಿಎಚ್‌ಡಿಗೆ ಕೊಡುವ ಮಿಥೈಲ್‌ಫೆನಿಡೇಟನ್ನು ರಜಾ ದಿನಗಳಲ್ಲಿ ಬಿಡಲು ಕೆಲವು ಮಕ್ಕಳಿಗೆ ವೈದ್ಯರೇ ಹೇಳುತ್ತಾರೆ. ಹಾಗೆ ಹೇಳಿ ಬಿಟ್ಟದ್ದಾದರೆ 'ವೈದ್ಯರ ಸಲಹೆ' ಎಂದು ಬರೆಯುತ್ತೇವೆ. ನೀವಾಗಿಯೇ ಬಿಟ್ಟಿದ್ದರೆ ಬೇರೆ ಕಲಂನಲ್ಲಿ. ಎರಡನ್ನೂ ಕಲಸಿದರೆ ಲೆಕ್ಕ ಕೆಡುತ್ತದೆ.

ಎಲ್ಲ ಔಷಧವನ್ನೂ ಹೀಗೆ ಬಿಡುವಂತಿಲ್ಲ. ಕ್ಲೊನಿಡಿನ್ ಏಕಾಏಕಿ ನಿಲ್ಲಿಸಿದರೆ ರಕ್ತದೊತ್ತಡ ಏರಬಹುದು. ವಾಲ್ಪ್ರೊಯೇಟ್‌ನಂಥ ಫಿಟ್ಸ್ ಔಷಧ ನಿಲ್ಲಿಸಿದರೆ ಫಿಟ್ಸ್ ಮರುಕಳಿಸಬಹುದು. ಕೇಳದೆ ನಿಲ್ಲಿಸಬೇಡಿ ಎಂದು ನಾನು ಕೈಮುಗಿದು ಕೇಳಿಕೊಳ್ಳುವ ಜಾಗ ಇದು.

ಮಿಥೈಲ್‌ಫೆನಿಡೇಟ್ ಎಲ್ಲ ಮೆಡಿಕಲ್ ಅಂಗಡಿಯಲ್ಲೂ ಸಿಗುವುದಿಲ್ಲ. ಅದು ಷೆಡ್ಯೂಲ್ ಎಕ್ಸ್, ಅಂದರೆ ಮಾರಾಟಕ್ಕೆ ಬಿಗಿ ನಿಯಮವಿರುವ ಪಟ್ಟಿಯ ಔಷಧ: ಚೀಟಿ ಎರಡು ಪ್ರತಿ ಬೇಕು, ಒಂದನ್ನು ಅಂಗಡಿಯವರು ಎರಡು ವರ್ಷ ಇಟ್ಟುಕೊಳ್ಳಬೇಕು. ಹೀಗಾಗಿ ಅದನ್ನು ಇಡುವ ಅಂಗಡಿಗಳು ಕಡಿಮೆ. ತಾಲ್ಲೂಕಿನಲ್ಲಿ ಸಿಗದೆ ಬೆಂಗಳೂರಿಗೆ ಹೋಗಿ ತರುವಷ್ಟರಲ್ಲಿ ವಾರ ಕಳೆದಿರುತ್ತದೆ. ಹಾಗಾದರೆ 'ಸಿಗಲಿಲ್ಲ' ಎಂದೇ ಬರೆಸಿ. ಮನೆಯವರ ಉದಾಸೀನಕ್ಕೂ ಔಷಧ ಸಿಗದಿರುವುದಕ್ಕೂ ವ್ಯತ್ಯಾಸ ತೋರಿಸುವುದು ಆ ಒಂದು ಪದವೇ, ಮುಂದೆ ಜಿಲ್ಲೆಯಲ್ಲೇ ಔಷಧ ಸಿಗಬೇಕೆಂದು ಕೇಳಲು ಆಧಾರವಾಗುವುದೂ ಅದೇ.

'ಸೇವೆ' ಎಂದರೆ ಮನೋವೈದ್ಯರನ್ನು ಕಂಡದ್ದು ಮಾತ್ರವೇ?

ಅಲ್ಲ. ಮಗುವಿನ ಮನಸ್ಸು, ನಡವಳಿಕೆ, ಮಾತು, ಕಲಿಕೆ, ನಿದ್ದೆ ಇವುಗಳ ತೊಂದರೆಗೆ ಯಾರ ಹತ್ತಿರ ಹೋದರೂ ಅದು ಪಟ್ಟಿಗೆ ಸೇರುತ್ತದೆ. ನಿಮ್ಹಾನ್ಸ್ ಭೇಟಿ, ಮೆಡಿಕಲ್ ಕಾಲೇಜಿನ ಒಪಿಡಿ, ಜಿಲ್ಲಾ ಆಸ್ಪತ್ರೆ, ತಾಲ್ಲೂಕು ಆಸ್ಪತ್ರೆಯಲ್ಲಿ ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದ ಮಂಗಳವಾರದ ಕ್ಲಿನಿಕ್ ಇವೆಲ್ಲ ನೆನಪಿಗೆ ಬರುತ್ತವೆ. ಮರೆತುಹೋಗುವಂಥವೂ ಇವೆ: ಮಕ್ಕಳ ಆರೋಗ್ಯ ತಪಾಸಣೆಗೆ ಶಾಲೆಗೆ ಬಂದ ಆರ್‌ಬಿಎಸ್‌ಕೆ ತಂಡ ಮಗುವನ್ನು ನೋಡಿ ಬೆಳವಣಿಗೆಯ ತೊಂದರೆಗಳನ್ನು ಬೇಗ ಗುರುತಿಸಿ ನೋಡುವ ಡಿಇಐಸಿ ಕೇಂದ್ರಕ್ಕೆ ಕಳಿಸಿದ್ದು, ಹದಿಹರೆಯದವರ ಸ್ನೇಹ ಕ್ಲಿನಿಕ್, ಮಾತಿನ ತರಬೇತಿ, ಶಾಲೆಯಲ್ಲಿ ವಿಶೇಷ ಶಿಕ್ಷಕರು ಕೂರಿಸಿಕೊಂಡು ಹೇಳಿಕೊಟ್ಟದ್ದು, ಫಿಟ್ಸ್‌ಗೆ ಮಕ್ಕಳ ಡಾಕ್ಟರು, ಊರಿನ ಆರ್‌ಎಂಪಿ ಕೊಟ್ಟ ಟಾನಿಕ್, ಆಯುರ್ವೇದದ ಬ್ರಾಹ್ಮಿ ಘೃತ, ಯಾರೋ ಹೇಳಿದರೆಂದು ತರಿಸಿದ ಪುಡಿ. 14416ಕ್ಕೆ ಕರೆ ಮಾಡಿ ಟೆಲಿ ಮಾನಸ್‌ನಲ್ಲಿ ಮಾತಾಡಿದ್ದೂ ಸೇವೆಯೇ. ಆ ಸಹಾಯವಾಣಿ 2022ರ ಅಕ್ಟೋಬರ್ 10ರಿಂದ ಇದೆ, ಕನ್ನಡದಲ್ಲೂ ಮಾತಾಡುತ್ತಾರೆ.

ಪ್ರತಿಯೊಂದಕ್ಕೂ ನಾವು ಕೇಳುವುದು ಇಷ್ಟೇ: ಎಲ್ಲಿ, ಯಾರು, ಎಷ್ಟು ಸಲ, ಯಾವ ತೊಂದರೆಗೆ, ಏನು ಮಾಡಿದರು.

ದೇವಸ್ಥಾನ, ದರ್ಗಾ, ತಾಯತ ಇದನ್ನೂ ಹೇಳಬೇಕೇ? ನಾಚಿಕೆಯಾಗುತ್ತದೆ.

ದಯವಿಟ್ಟು ಹೇಳಿ. ಚಿಂತಾಮಣಿ ತಾಲ್ಲೂಕಿನ ಮುರುಗಮಲ್ಲ ದರ್ಗಾಕ್ಕೆ ಹಿಂದೂಗಳೂ ಮುಸಲ್ಮಾನರೂ ಹರಕೆ ಹೊತ್ತು ಹೋಗುತ್ತಾರೆ. ಮಗು ರಾತ್ರಿ ಬೆಚ್ಚಿ ಅತ್ತರೆ ಮೊದಲು ದೃಷ್ಟಿ ತೆಗೆಯುತ್ತಾರೆ, ಆಮೇಲೆ ಆಸ್ಪತ್ರೆ. ಎಷ್ಟೋ ತಾಯಂದಿರಿಗೆ ಅಲ್ಲಿ ಸಿಗುವ ಧೈರ್ಯ ನಿಜವಾದದ್ದು, ನಾನು ಕಣ್ಣಾರೆ ಕಂಡಿದ್ದೇನೆ. ಅದನ್ನು ಹೀಗಳೆಯುವುದು ನಮ್ಮ ಕೆಲಸವಲ್ಲ. ನಮಗೆ ಬೇಕಾದ್ದು ಎರಡು ವಿಷಯ. ಹರಕೆಯ ದಿನಗಳಲ್ಲಿ ಮಾತ್ರೆ ನಿಲ್ಲಿಸಲು ಯಾರಾದರೂ ಹೇಳಿದರೇ? ಕುಡಿಯಲು ಏನಾದರೂ ಕೊಟ್ಟರೇ? ಬರೆ ಹಾಕುವುದು, ಹೊಡೆಯುವುದು, ಕಟ್ಟಿಹಾಕುವುದು ನಡೆದಿದ್ದರೆ ಅದು ಮಗುವಿನ ಸುರಕ್ಷತೆಯ ಪ್ರಶ್ನೆ, ಅದನ್ನು ವೈದ್ಯರಿಗೆ ತಿಳಿಸದೆ ಬಿಡಲಾಗದು.

ಮೂರು ತಿಂಗಳ ಹಿಂದಿನದು ಹೇಗೆ ನೆನಪಿರುತ್ತದೆ?

ತಾರೀಖು ಕೇಳಿದರೆ ಯಾರಿಗೂ ನೆನಪಿರುವುದಿಲ್ಲ. ಅದಕ್ಕೇ ಕ್ಯಾಲೆಂಡರ್ ಹಾಸಿಕೊಂಡು ಕೂರುತ್ತೇವೆ. ಮೊದಲು ಸಂಕ್ರಾಂತಿ, ನಂದಿಯ ಶಿವರಾತ್ರಿ ತೇರು, ಯುಗಾದಿ, ಪರೀಕ್ಷೆ ಮುಗಿದ ದಿನ, ಮನೆಯಲ್ಲಿ ನಡೆದ ಮದುವೆ ಇವನ್ನು ಗುರುತು ಹಾಕುತ್ತೇವೆ. ಆಮೇಲೆ 'ಕೋಲಾರಕ್ಕೆ ಹೋದದ್ದು ತೇರಿಗೆ ಮುಂಚೆಯೋ ಆಮೇಲೆಯೋ?' ಎಂದು ಕೇಳುತ್ತೇವೆ. ತಾರೀಖು ತಾನಾಗಿ ಬರುತ್ತದೆ.

ಆರು ತಿಂಗಳ ಹಿಂದೆ ಆದದ್ದನ್ನು ಮೊನ್ನೆ ಮೊನ್ನೆ ಆದಂತೆ ಹೇಳುವುದು ಎಲ್ಲರ ಸ್ವಭಾವ. ಆದ್ದರಿಂದ ಪ್ರಶ್ನಾವಳಿಗಳೂ ಅವಧಿಯನ್ನು ಬಿಗಿಯಾಗಿ ಕಟ್ಟುತ್ತವೆ. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ರೂಪಿಸಿದ ಕಾಸಾ ಎಂಬ ಪ್ರಶ್ನಾವಳಿ ಕಳೆದ ಮೂರು ತಿಂಗಳನ್ನು ಕೇಳುತ್ತದೆ. ಸಾಕಾ ಎಂಬುದು ಕಳೆದ 12 ತಿಂಗಳು ಮತ್ತು ಹುಟ್ಟಿದಾಗಿನಿಂದ ಎಂದು ಎರಡು ಸಲ ಕೇಳುತ್ತದೆ. ಇಂಥವನ್ನು ಹಾಗೆಯೇ ಕನ್ನಡಕ್ಕೆ ತಂದರೆ ಪ್ರಯೋಜನವಿಲ್ಲ. ಅಲ್ಲಿಯ ಪಟ್ಟಿಯಲ್ಲಿ ಆಶಾ ಕಾರ್ಯಕರ್ತೆ ಇಲ್ಲ, ಅಂಗನವಾಡಿ ಇಲ್ಲ, ಮಂತ್ರ ಹಾಕುವವರಿಲ್ಲ.

ಯಾರನ್ನು ಕೇಳುತ್ತೀರಿ? ತಾಯಿಯನ್ನೇ, ಮಗುವನ್ನೇ?

ಮಾತ್ರೆ ಕೈಯಾರೆ ಕೊಡುವವರನ್ನು ಮೊದಲು ಕೇಳುತ್ತೇವೆ. ಅಪ್ಪ ಅಮ್ಮ ಕೆಲಸಕ್ಕೆ ಕೆಜಿಎಫ್‌ನಿಂದ ಬೆಂಗಳೂರಿನ ರೈಲು ಹತ್ತುವ ಮನೆಗಳಲ್ಲಿ ಅದು ಅಜ್ಜಿಯೋ ಅಕ್ಕನೋ ಆಗಿರುತ್ತದೆ. ಸ್ವಲ್ಪ ದೊಡ್ಡ ಮಕ್ಕಳನ್ನು ಬೇರೆಯಾಗಿ ಕೇಳುತ್ತೇವೆ. ಶಾಲೆಯಲ್ಲಿ ಮಿಸ್ ಹತ್ತಿರ ಅತ್ತುಕೊಂಡದ್ದು, ಮಾತ್ರೆಯನ್ನು ನಾಲಿಗೆಯ ಕೆಳಗಿಟ್ಟುಕೊಂಡು ಉಗಿದದ್ದು ಮಗುವಿಗೆ ಮಾತ್ರ ಗೊತ್ತಿರುತ್ತದೆ. ಸಾಕಾ ಪ್ರಶ್ನಾವಳಿಯನ್ನು ಪರೀಕ್ಷಿಸಿದಾಗ 11 ದಾಟಿದ ಮಕ್ಕಳ ಉತ್ತರ ಎರಡನೇ ಸಲ ಕೇಳಿದಾಗಲೂ ಹೆಚ್ಚುಕಡಿಮೆ ಹೊಂದುತ್ತಿತ್ತು, 9-10 ವರ್ಷದವರದು ಹೊಂದುತ್ತಿರಲಿಲ್ಲ. ಚಿಕ್ಕವರ ಮಾತನ್ನು ಕೇಳುತ್ತೇವೆ, ಆದರೆ ಲೆಕ್ಕಕ್ಕೆ ಅದನ್ನೊಂದನ್ನೇ ನೆಚ್ಚುವುದಿಲ್ಲ.

ಭಾಷೆಯ ವಿಷಯದಲ್ಲಿ ಸಂಕೋಚ ಬೇಡ. ಬಾಗೇಪಲ್ಲಿ, ಶ್ರೀನಿವಾಸಪುರದ ಕಡೆ ಮನೆಮಾತು ತೆಲುಗು, ಕೆಜಿಎಫ್‌ನಲ್ಲಿ ತಮಿಳು, ಕೆಲವು ಮೊಹಲ್ಲಾಗಳಲ್ಲಿ ಉರ್ದು. ಮಗು ನಿದ್ದೆಯಲ್ಲಿ ಹೆದರುವುದನ್ನು ಯಾವ ಭಾಷೆಯಲ್ಲಿ ಹೇಳುತ್ತದೋ ಆ ಭಾಷೆಯಲ್ಲೇ ಹೇಳಲಿ.

ಮಗುವಿನ ಒಪ್ಪಿಗೆ ಬೇಕೇ? ನಾವು ಸಹಿ ಹಾಕಿದ್ದೇವಲ್ಲ.

ಬೇಕು. ದೇಶದ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್‌ನ 2017ರ ಮಾರ್ಗಸೂಚಿಯಂತೆ ತಂದೆತಾಯಿಯ ಒಪ್ಪಿಗೆಯ ಜೊತೆಗೆ 7ರಿಂದ 12 ವರ್ಷದವರ ಬಾಯಿಮಾತಿನ ಸಮ್ಮತಿ, 12ರಿಂದ 18ರವರ ಬರವಣಿಗೆಯ ಸಮ್ಮತಿ ಪಡೆಯಬೇಕು. ಮಗು ಬೇಡವೆಂದು ತಲೆಯಾಡಿಸಿದರೆ ಚಾಕೊಲೇಟ್ ತೋರಿಸಿ ಒಪ್ಪಿಸುವಂತಿಲ್ಲ.

ಶಾಲೆಗೆ, ಊರಿಗೆ ಗೊತ್ತಾದರೆ?

ಹಾಳೆಯ ಮೇಲೆ ಮಗುವಿನ ಹೆಸರಿರುವುದಿಲ್ಲ, ಸಂಖ್ಯೆ ಇರುತ್ತದೆ. ಹೆಸರಿಗೂ ಸಂಖ್ಯೆಗೂ ನಂಟು ಹೇಳುವ ಪಟ್ಟಿ ಬೇರೆ ಕಡೆ ಬೀಗದಲ್ಲಿರುತ್ತದೆ. ಶಾಲೆಯಿಂದ ಮಾಹಿತಿ ಬೇಕಾದರೆ ನಿಮ್ಮನ್ನು ಕೇಳದೆ ಹೋಗುವುದಿಲ್ಲ. ಮನೆಗೆ ಬರುವಾಗ ಆಸ್ಪತ್ರೆಯ ಹೆಸರಿನ ಗಾಡಿ ಬೇಡ ಎಂದರೆ ಅದಕ್ಕೂ ಸರಿ. ಹೆಣ್ಣುಮಕ್ಕಳ ತಾಯಂದಿರು ಮುಂದಿನ ಸಂಬಂಧದ ಚಿಂತೆಯಿಂದ ಇದನ್ನು ಮತ್ತೆ ಮತ್ತೆ ಕೇಳುತ್ತಾರೆ, ಕೇಳುವುದು ನ್ಯಾಯವೇ.

ಒಂದು ಮಾತನ್ನು ಮಾತ್ರ ಮೊದಲೇ ಹೇಳಿಬಿಡುತ್ತೇವೆ, ಮಗುವಿಗೂ ಹೇಳುತ್ತೇವೆ. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದಿದೆ ಎಂದು ತಿಳಿದರೆ 2012ರ ಪೋಕ್ಸೊ ಕಾಯ್ದೆಯಂತೆ ಪೊಲೀಸರಿಗೆ ತಿಳಿಸುವುದು ಕಡ್ಡಾಯ. ಮಗು ಜೀವ ಕಳೆದುಕೊಳ್ಳುವ ಮಾತಾಡಿದರೂ ಗುಟ್ಟು ಇಡುವುದಿಲ್ಲ, ಆ ದಿನವೇ ಮನೆಯವರಿಗೆ ಮತ್ತು ವೈದ್ಯರಿಗೆ ಹೇಳುತ್ತೇವೆ.

ಪ್ರತಿ ಸಲ ತೂಕ, ಎತ್ತರ ಯಾಕೆ ನೋಡುತ್ತೀರಿ?

ಕೆಲವು ಔಷಧಗಳು ಮಗುವಿನ ಹಸಿವನ್ನೇ ಬದಲಿಸುತ್ತವೆ. ಆಟಿಸಂ ಇರುವ 101 ಮಕ್ಕಳಲ್ಲಿ ರಿಸ್ಪೆರಿಡೋನ್ ಪರೀಕ್ಷಿಸಿ 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಎಂಟು ವಾರದಲ್ಲಿ ಔಷಧ ಪಡೆದವರ ತೂಕ ಸರಾಸರಿ 2.7 ಕೆ.ಜಿ. ಏರಿತು, ಹುಸಿಮಾತ್ರೆ (ಔಷಧವಿಲ್ಲದ ಮಾತ್ರೆ) ಪಡೆದವರದು 0.8 ಕೆ.ಜಿ. ಸಿಟ್ಟು, ತನ್ನನ್ನೇ ಹೊಡೆದುಕೊಳ್ಳುವುದು ಚೆನ್ನಾಗಿ ಇಳಿಯಿತು ಎಂಬುದೂ ಅದೇ ಅಧ್ಯಯನದಲ್ಲಿದೆ. ಲಾಭವನ್ನೂ ನಷ್ಟವನ್ನೂ ಒಂದೇ ಪುಸ್ತಕದಲ್ಲಿ ಬರೆದರೆ ಮಾತ್ರ ತೂಗಿ ನೋಡಬಹುದು. ಮಿಥೈಲ್‌ಫೆನಿಡೇಟ್ ಹಸಿವು ಕಡಿಮೆ ಮಾಡುತ್ತದೆ, ಅದಕ್ಕೆ ಎತ್ತರವನ್ನೂ ನೋಡುತ್ತೇವೆ.

ಖಿನ್ನತೆಯ ಮಾತ್ರೆಗಳ ಮೇಲೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2004ರಲ್ಲಿ ಕಪ್ಪು ಚೌಕಟ್ಟಿನ ಎಚ್ಚರಿಕೆ ಹಾಕಿಸಿತು: ಮಕ್ಕಳು, ಹದಿಹರೆಯದವರಲ್ಲಿ ಆತ್ಮಹತ್ಯೆಯ ಯೋಚನೆ ಹೆಚ್ಚಬಹುದು ಎಂದು. ಹೆದರಿ ಮಾತ್ರೆ ಎಸೆಯಬೇಡಿ. ಶುರುವಿನ ವಾರಗಳಲ್ಲಿ, ಡೋಸ್ ಬದಲಾದಾಗ ಮಗುವನ್ನು ಹತ್ತಿರದಿಂದ ನೋಡಿಕೊಳ್ಳಿ, ತಳಮಳ, ನಿದ್ದೆಗೇಡು ಕಂಡರೆ ಆಗಲೇ ಫೋನ್ ಮಾಡಿ. ಔಷಧ ಪ್ರಯೋಗದಲ್ಲಿ ಗಂಭೀರ ತೊಂದರೆ ಆದರೆ ಸಂಶೋಧಕರು 24 ಗಂಟೆಯೊಳಗೆ ವರದಿ ಮಾಡಬೇಕೆಂದು 2019ರ ನಿಯಮವಿದೆ. ನೀವು ಮುಂದಿನ ಭೇಟಿಯವರೆಗೆ ಕಾದರೆ ಆ ಗಂಟೆಗಳೇ ಕೈತಪ್ಪುತ್ತವೆ.

ಬಸ್ ಚಾರ್ಜು, ಕೂಲಿ ಎಷ್ಟು ಹೋಯಿತು ಎಂದು ಕೇಳುತ್ತೀರಿ. ಅದಕ್ಕೂ ಕಾಯಿಲೆಗೂ ಏನು ಸಂಬಂಧ?

ಔಷಧ ಉಚಿತವಾಗಿ ಸಿಕ್ಕರೂ ಚಿಕಿತ್ಸೆ ಉಚಿತವಲ್ಲ. ಗೌರಿಬಿದನೂರಿನಿಂದ ಬೆಂಗಳೂರಿಗೆ ಮಗುವನ್ನು ಕರೆದೊಯ್ದರೆ ತಾಯಿಯ ಒಂದು ದಿನದ ಕೂಲಿ ಹೋಗುತ್ತದೆ, ಜೊತೆಗೆ ಬಂದವರದ್ದೂ ಹೋಗುತ್ತದೆ. ಫಾಲೋಅಪ್ ತಪ್ಪುವುದು ಇಲ್ಲೇ. ಖರ್ಚಿನ ಕಲಂ ತುಂಬಿದರೆ ತಾಲ್ಲೂಕಿನಲ್ಲೇ ಸೇವೆ ಕೊಡಬೇಕೆಂಬ ಮಾತಿಗೆ ಬಲ ಬರುತ್ತದೆ.

ಇಂಥ ಅಧ್ಯಯನಗಳಿಂದ ನಮ್ಮ ಜಿಲ್ಲೆಗೆ ಏನಾದರೂ ಆಗಿದೆಯೇ?

ನಿಮ್ಹಾನ್ಸ್ ನಡೆಸಿದ 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪೂರ್ವಪರೀಕ್ಷೆ ಕೋಲಾರ ಜಿಲ್ಲೆಯಲ್ಲೇ ನಡೆಯಿತು. ಇಲ್ಲಿಯ ಮನೆಗಳವರು ಕೊಟ್ಟ ಉತ್ತರಗಳಿಂದಲೇ ಪ್ರಶ್ನೆಗಳನ್ನೂ ಕ್ರಮವನ್ನೂ ಪರೀಕ್ಷಿಸಿ, ಬಳಿಕ ದೇಶದ 12 ರಾಜ್ಯಗಳಿಗೆ ಹೋದರು. 13ರಿಂದ 17 ವರ್ಷದವರಲ್ಲಿ ಸುಮಾರು 7.3 ಶೇಕಡಾ ಮಕ್ಕಳಿಗೆ ಮಾನಸಿಕ ತೊಂದರೆ ಇದೆ ಎಂಬ ಅಂದಾಜು ಆ ಸಮೀಕ್ಷೆಯದ್ದು. ಎಷ್ಟು ಮಕ್ಕಳಿಗೆ ತೊಂದರೆ ಇದೆ ಎಂಬುದು ಮೊದಲ ಪ್ರಶ್ನೆ. ಅವರಿಗೆ ಯಾವ ಸೇವೆ ಸಿಕ್ಕಿತು, ಯಾವ ಔಷಧ ಎಷ್ಟು ದಿನ ಹೊಟ್ಟೆಗೆ ಹೋಯಿತು ಎಂಬುದಕ್ಕೆ ಮನೆಮನೆಯ ಪುಸ್ತಕವೇ ಬೇಕು.

ಅಧ್ಯಯನ ನಿಜವಾದದ್ದೇ ಎಂದು ತಿಳಿಯುವುದು ಹೇಗೆ?

ಔಷಧ ಪ್ರಯೋಗವಾದರೆ, ದೇಶದ ಔಷಧ ಪ್ರಯೋಗಗಳನ್ನು ದಾಖಲಿಸುವ ಸಿಟಿಆರ್‌ಐ ನೋಂದಣಿ ಸಂಖ್ಯೆ ಕೇಳಿ. 2009ರ ಜೂನ್ 15ರಿಂದ ಅದು ಕಡ್ಡಾಯ, ಯಾರು ಬೇಕಾದರೂ ಜಾಲತಾಣದಲ್ಲಿ ನೋಡಬಹುದು. ಯಾವುದೇ ಅಧ್ಯಯನವಾದರೂ ನೈತಿಕ ಸಮಿತಿಯ ಅನುಮತಿ ಇರಲೇಬೇಕು. ನಿಮಗೆ ಕೊಡುವ ಮಾಹಿತಿ ಪತ್ರ ಕನ್ನಡದಲ್ಲಿ, ಫೋನ್ ನಂಬರ್ ಸಹಿತ ಇರಬೇಕು. ಒಂದು ಪ್ರತಿ ನಿಮ್ಮ ಮನೆಯಲ್ಲಿ ಉಳಿಯಬೇಕು.

ನಾನು ಕ್ಷೇತ್ರ ಕಾರ್ಯಕರ್ತೆಯಾಗಿ ಹೊಸದಾಗಿ ಸೇರಿದ್ದೇನೆ. ಮಾತ್ರೆ ಎಣಿಸಿದರೆ ಸಾಕಲ್ಲವೇ?

ಎಣಿಕೆ ಶುರು ಮಾತ್ರ. ದಿನಕ್ಕೊಂದರಂತೆ 30 ಮಾತ್ರೆ ಕೊಟ್ಟಿದ್ದರು, ಮುಂದಿನ 30 ಕೊಂಡದ್ದು 40 ದಿನದ ಮೇಲೆ ಎಂದುಕೊಳ್ಳಿ. ಕೈಯಲ್ಲಿ ಔಷಧ ಇದ್ದದ್ದು 75 ಶೇಕಡಾ ದಿನ. ಮನೆಯಲ್ಲಿ ಇತ್ತು ಎಂದು ಅದು ಹೇಳುತ್ತದೆ, ನುಂಗಿತು ಎಂದು ಹೇಳುವುದಿಲ್ಲ. ಆದ್ದರಿಂದ ಎಣಿಕೆ, ಬಿಲ್ಲು, ಮನೆಯವರ ಮಾತು ಮೂರನ್ನೂ ಅಕ್ಕಪಕ್ಕ ಬರೆಯಿರಿ. ಹೊಂದದಿದ್ದರೆ ಹೊಂದಿಲ್ಲ ಎಂದೇ ಬರೆಯಿರಿ, ನೀವಾಗಿ ಹೊಂದಿಸಬೇಡಿ.

ವಿಶ್ವ ಆರೋಗ್ಯ ಸಂಸ್ಥೆಯ ದಿನದ ಡೋಸ್ ಕೋಷ್ಟಕವನ್ನು ಮಕ್ಕಳಿಗೆ ಹಚ್ಚಬೇಡಿ, ಅದು ದೊಡ್ಡವರ ಬಳಕೆಗೆ ಕಟ್ಟಿದ್ದು. ಮಗುವಿನ ಆ ದಿನದ ತೂಕ ಬರೆದು, ಕೆ.ಜಿ.ಗೆ ಎಷ್ಟು ಮಿ.ಗ್ರಾಂ ಎಂದು ಲೆಕ್ಕ ಹಾಕಿ. ಔಷಧ ಶುರುವಾದ ದಿನ, ಡೋಸ್ ಬದಲಾದ ದಿನ, ನಿಂತ ದಿನ, ನಿಂತದ್ದಕ್ಕೆ ಕಾರಣ ಈ ನಾಲ್ಕು ಖಾಲಿ ಬಿಡಬಾರದು. ಮತ್ತೆ, 'ಮಾತ್ರೆ ಸರಿಯಾಗಿ ಕೊಡುತ್ತಿದ್ದೀರಲ್ಲವೇ?' ಎಂದು ಕೇಳಬೇಡಿ. ಆ ಪ್ರಶ್ನೆಗೆ ಹೌದು ಎಂಬುದೊಂದೇ ಉತ್ತರ. 'ಈ ವಾರ ಯಾವ ದಿನ ಕೊಡಲು ಆಗಲಿಲ್ಲ?' ಎಂದು ಕೇಳಿ.

ನಾವು ಊರು ಬಿಟ್ಟು ಬೆಂಗಳೂರಿಗೆ ಹೋಗುತ್ತಿದ್ದೇವೆ. ಅಧ್ಯಯನ ಬಿಡಬೇಕೇ?

ಬಿಡಬೇಕಾಗಿಲ್ಲ. ಬಿಡಬೇಕೆನಿಸಿದರೆ ಯಾವಾಗ ಬೇಕಾದರೂ ಬಿಡಬಹುದು, ಅದಕ್ಕಾಗಿ ಮಗುವಿನ ಚಿಕಿತ್ಸೆ ನಿಲ್ಲುವುದಿಲ್ಲ. ಮುಂದುವರಿಯುವುದಾದರೆ ಹೊಸ ಫೋನ್ ನಂಬರಿನ ಜೊತೆ ಊರಿನಲ್ಲೇ ಇರುವ ಒಬ್ಬರು ನೆಂಟರ ನಂಬರನ್ನೂ ಕೊಡಿ, ಫೋನಿನಲ್ಲೂ ವಿವರ ಬರೆದುಕೊಳ್ಳುತ್ತೇವೆ. ಹೊರಡುವ ಮುಂಚೆ ಮಗುವಿನ ಔಷಧದ ಹಾಳೆಯ ಒಂದು ನಕಲು ಕೇಳಿ ಪಡೆಯಿರಿ. ಅಲ್ಲಿ ಹೊಸ ಡಾಕ್ಟರು ಮೊದಲು ಕೇಳುವುದು ಯಾವ ಔಷಧ, ಎಷ್ಟು ದಿನ, ಯಾಕೆ ಬದಲಾಯಿಸಿದರು ಎಂದೇ.